ಹಗುರಾದ ಕಾರು, ಸಿರುಗುಪ್ಪದ ಬಸ್ಸು

ತರಕಾರಿ ಕೊಳ್ಳುವಾಗ ನನಗೊಂದು ಚಾಳಿ ಇದೆ. ಏನೇ ಇರಲಿ, ತಕ್ಕಡಿಗೆ ಹಾಕುವ ಮೊದಲು ಕೈಯಲ್ಲಿ ಹಿಡಿದು, ಮೇಲೆ ಕೆಳಗೆ ಆಡಿಸಿ ನೋಡಿ, "ಅರ್ಧ ಕಿಲೋಕ್ಕೆ ಇನ್ನೊಂದು ಹೀರೇಕಾಯಿ ಬೇಕು" ಎಂದುಬಿಡುತ್ತೇನೆ. ಪಾರ್ವತಿನಗರದ ನಮ್ಮ ಓಣಿಗೆ ಬುಟ್ಟಿ ಹೊತ್ತು ಬರುವ ಹುಲಿಗೆಮ್ಮನಿಗೆ ಇದು ಸ್ವಲ್ಪವೂ ಹಿಡಿಸುವುದಿಲ್ಲ. ಮೊನ್ನೆಯೂ ತಕ್ಕಡಿ ನೆಲಕ್ಕಿಟ್ಟು ಸೊಂಟದ ಮೇಲೆ ಕೈಯಿಟ್ಟಳು.

"ಯವ್ವಾ, ನಿನ್ನ ಕೈಯಾಗ ತಕ್ಕಡಿ ಇದ್ರ ನಾ ಇದನ್ಯಾಕ ಹೊರಬೇಕು? ನಾಳಿಂದ ಮನ್ಯಾಗ ಬಿಟ್ಟು ಬರ್ತೀನಿ ತಗ. ತಲಿ ಮ್ಯಾಲಿನ ಭಾರ ಆದ್ರೂ ಇಳೀತೈತಿ."

"ಹಾಕಿ ನೋಡು ಹುಲಿಗೆಮ್ಮ, ಹೆಚ್ಚು ಕಡಿಮಿ ಆದ್ರ ನೀ ಹೇಳಿದಂಗ."

ಹಾಕಿ ನೋಡಿದಳು. ಇನ್ನೊಂದು ಹೀರೇಕಾಯಿ ಬೇಕಾಯಿತು. "ಇದೇನು ಸಾಲ್ಯಾಗ ಕಲ್ತಿಯೇನವ್ವ?" ಎಂದು ಕೇಳಿದಳು. ಶಾಲೆಯಲ್ಲಿ ಕಲಿತದ್ದಲ್ಲ, ಮದುವೆಯಾದ ಹೊಸದರಲ್ಲಿ ಕಲಿತದ್ದು ಎಂದರೆ ಅವಳಿಗೆ ಅರ್ಥವಾಗುತ್ತಿರಲಿಲ್ಲ. ಕಲಿಸಿದ್ದು ಒಂದು ಕಾರು ಎಂದಿದ್ದರಂತೂ ಬುಟ್ಟಿ ಎತ್ತಿಕೊಂಡು ಹೋಗಿಯೇ ಬಿಡುತ್ತಿದ್ದಳು. ಅವಳಿಗೆ ಹೇಳದೆ ಉಳಿದದ್ದನ್ನು ನಿಮಗೆ ಹೇಳುತ್ತೇನೆ.

ನಾನು ಸೊಸೆಯಾಗಿ ಬಳ್ಳಾರಿಗೆ ಬಂದಾಗ ಮನೆ ಬ್ರೂಸ್‌ಪೇಟೆಯಲ್ಲಿತ್ತು. ಮುಂದೆ ಹತ್ತಿ ದಲಾಲಿ ಅಂಗಡಿ, ನಡುವೆ ನಾವು, ಹಿಂದೆ ಗೋದಾಮು. ಅಂಗಡಿ ಮಾವನವರದು. ಮನೆಯವರು, ಅಂದರೆ ನನ್ನ ಯಜಮಾನರು, ಅದೇ ಅಂಗಡಿಯಲ್ಲಿ ಲೆಕ್ಕ ನೋಡುತ್ತಿದ್ದರು. ಆದರೆ ಕಣ್ಣು ಮಾತ್ರ ಗೋದಾಮಿನ ಕಡೆಗೇ. ಅಲ್ಲಿ ಒಂದು ಕಾರಿತ್ತು. ಕಂಟೋನ್ಮೆಂಟಿನಲ್ಲಿದ್ದ ಮುದುಕ ಡಾಕ್ಟರೊಬ್ಬರು ಊರು ಬಿಡುವಾಗ ಇವರಿಗೆ ಬಿಟ್ಟುಕೊಟ್ಟು ಹೋದ ವಿಲಾಯತಿ ಕಾರು. ಎರಡೇ ಸೀಟು, ಮೇಲೆ ಮಡಚುವ ಕ್ಯಾನ್ವಾಸು, ಒಣಗಿದ ಬೇವಿನೆಲೆಯ ಬಣ್ಣ, ಸೈಕಲ್ಲಿಗಿದ್ದಂತೆ ಕಡ್ಡಿ ಕಡ್ಡಿ ಗಾಲಿ. ಕಂಪನಿಯ ಬಿಲ್ಲೆ ಎಂದೋ ಬಿದ್ದುಹೋಗಿತ್ತು. ಓಡುವುದಕ್ಕೆಂದೇ ಮಾಡಿದ ಕಾರು ಇದು, ರೇಸಿನ ಜಾತಿಯದು ಎಂದು ಮನೆಯವರು ಹೇಳುತ್ತಿದ್ದರು. ಹೆಣ್ಣು ನೋಡಲು ನಮ್ಮೂರು ಸಿರಿಗೇರಿಗೆ ಅದರಲ್ಲೇ ಬಂದಿದ್ದರು. ನಮ್ಮೂರಿನವರು ವರನನ್ನು ಬಿಟ್ಟು ಕಾರನ್ನೇ ನೋಡಿದರು. ನಾನೂ ಕಿಟಕಿಯಿಂದ ಮೊದಲು ನೋಡಿದ್ದು ಅದನ್ನೇ.

ಮದುವೆಯಾದ ಮೇಲೆ ಒಮ್ಮೆ ಸಿರುಗುಪ್ಪದಲ್ಲಿರುವ ನಾದಿನಿಯ ಮನೆಗೆ ಹೋಗಿ ಎರಡು ದಿನ ಉಳಿದು ಅದೇ ಕಾರಿನಲ್ಲಿ ತಿರುಗಿ ಬರುತ್ತಿದ್ದೆವು. ಹಿಂದೆ ನನ್ನ ಟ್ರಂಕು, ಕಾಲ ಹತ್ತಿರ ನಾದಿನಿ ಕೊಟ್ಟ ಅಕ್ಕಿಯ ಗಂಟು, ತೊಡೆಯ ಮೇಲೆ ಬುತ್ತಿ. ಸಿರಿಗೇರಿ ಕ್ರಾಸು ದಾಟಿರಬೇಕು, ಹಿಂದಿನಿಂದ ಸಿರುಗುಪ್ಪದ ಬಸ್ಸು ಬಂತು. ಮೇಲೆ ಮೂಟೆಗಳು, ಮೂಟೆಗಳ ಮೇಲೆ ಎರಡು ಹೋತಗಳು, ಹೋತಗಳ ಪಕ್ಕದಲ್ಲಿ ಅವುಗಳ ಯಜಮಾನ. ಆ ಬಸ್ಸು ನಮ್ಮನ್ನು ಹಿಂದೆ ಹಾಕಿತು. ನಿಧಾನವಾಗಿ, ಒಂದೊಂದೇ ಕಿಟಕಿಯಾಗಿ ಹಿಂದೆ ಹಾಕಿತು. ಪ್ರತಿ ಕಿಟಕಿಯಲ್ಲೂ ನಗುವ ಮುಖ. ಬಾಗಿಲಿಗೆ ಜೋತುಬಿದ್ದಿದ್ದ ಕ್ಲೀನರ್ ನನ್ನತ್ತ ಬಾಗಿ, "ಅಕ್ಕಾರ, ಇಳದು ನಮ್ಮ ಬಸ್ ಹತ್ರಿ! ಲಗೂನ ಮುಟ್ಟಸ್ತೀವಿ! ಅಣ್ಣಾರು ಹಿಂದಿಂದ ಬರ್ಲಿ!" ಎಂದ. ಮೇಲಿನ ಹೋತ ಕೂಡ ಕತ್ತು ತಿರುಗಿಸಿ ನಮ್ಮನ್ನೇ ನೋಡಿತು.

ಅಷ್ಟಾಗಿದ್ದರೆ ನಕ್ಕು ಮರೆಯಬಹುದಿತ್ತು. ಡ್ರೈವರನ ಪಕ್ಕದ ಸೀಟಿನಲ್ಲಿ ಮಾವನವರು ಕೂತಿದ್ದರು. ವ್ಯಾಪಾರಕ್ಕೆಂದು ವಾರಕ್ಕೊಮ್ಮೆ ಅವರು ಸಿರುಗುಪ್ಪಕ್ಕೆ ಹೋಗಿಬರುವವರು. ಬಸ್ಸಿನಲ್ಲಿ ಎಲ್ಲರಿಗೂ ಗುರುತು. ಅವರು ನಮ್ಮ ಕಡೆ ನೋಡಲಿಲ್ಲ. ಯಾರದೋ ಕಾರು, ಯಾರದೋ ಸೊಸೆ ಎಂಬಂತೆ ನೇರ ಮುಂದಿನ ರಸ್ತೆಯನ್ನೇ ನೋಡುತ್ತ ಹೋದರು.

ಆ ಸಂಜೆ ಊಟಕ್ಕೆ ಕೂತಾಗ ರೊಟ್ಟಿ ಮುರಿಯುತ್ತ ನಿಧಾನವಾಗಿ ಹೇಳಿದರು. "ಹತ್ತಿ ಸುಗ್ಗಿ ಬರಾಕತ್ತೈತಿ. ಅಂಡಿಗಿ ಚೀಲ ಇಡಾಕ ಗೋಡಾನ್ದಾಗ ಜಾಗ ಸಾಲೂದಿಲ್ಲ. ಆ ಗಾಡಿ ಗುಜರಿಗೆ ಹಾಕಿಬಿಡು."

ಮನೆಯವರು ತುತ್ತನ್ನು ತಟ್ಟೆಗೆ ಹಾಕಿದರು. "ಅಪ್ಪಾ, ಅದು ರೇಸಿನ ಗಾಡಿ."

"ಹೌದಪ್ಪ. ನೋಡಿದ್ನೆಲ್ಲ. ಹೋತದ ಜೋಡಿ ರೇಸು."

ಅತ್ತೆ ನಗು ತಡೆಯಲಾಗದೆ ಒಳಗೆ ಹೋದರು. ಮನೆಯವರು ಕೆಂಪಗಾದರು. ಕೊನೆಗೆ, "ಸುಗ್ಗಿ ಶುರು ಆಗೂದ್ರಾಗ ಆ ಬಸ್ಸಿನ್ನ ಹಿಂದ ಹಾಕಿ ತೋರಸ್ತೀನಿ. ಹಾಕಿದ್ರ ಗಾಡಿ ಇರಲಿ" ಎಂದರು.

ಮಾವನವರು ವ್ಯಾಪಾರಸ್ಥರು. ಮಾತು ಬಿದ್ದ ಕೂಡಲೇ ಅದಕ್ಕೆ ಕರಾರು ಕಟ್ಟಿದರು. "ಆತು. ಬಸ್ಸಿನ್ಯಾಗ ನಾನ ಕುಂತಿರ್ತೀನಿ. ಸಿರುಗುಪ್ಪದಾಗ ಇಬ್ರೂ ಒಟ್ಟಿಗೆ ಬಿಡೂದು. ನನಗಿಂತ ಮೊದ್ಲ ಬಳ್ಳಾರಿ ಮುಟ್ಟಿದ್ರ ಗಾಡಿ ಇಟ್ಕ. ಆದ್ರ ಅವತ್ತಿನಂಗ ಸೊಸಿನೂ ಗಾಡ್ಯಾಗ ಇರಬೇಕು. ಒಬ್ನ ಓಡಿಸ್ಕೊಂಡು ಬಂದು ಗೆದ್ದೆ ಅನಬ್ಯಾಡ."

ಹೀಗೆ ನಾನು ಕೇಳದೆಯೇ ಪಂದ್ಯದ ಒಂದು ಸಾಮಾನಾದೆ.

ಎಂಜಿನ್ನಿಗೆ ಇನ್ನಷ್ಟು ಕಸುವು ತುಂಬುವುದು ಬಳ್ಳಾರಿಯಲ್ಲಿ ಆಗದ ಮಾತು. ಅದರ ಸಾಮಾನು ಮದ್ರಾಸಿನಲ್ಲೂ ಸಿಗುತ್ತಿರಲಿಲ್ಲ. ಆದರೆ ಮನೆಯವರ ಬಳಿ ರದ್ದಿ ಅಂಗಡಿಯಿಂದ ತಂದ ಇಂಗ್ಲಿಷ್ ಮೋಟಾರು ಪತ್ರಿಕೆಗಳಿದ್ದವು. ಒಂದರಲ್ಲಿ, ಕಸುವು ಹೆಚ್ಚಿಸಲಾಗದವರು ಭಾರ ಇಳಿಸಿರಿ ಎಂದು ಬರೆದಿತ್ತಂತೆ. ಅದನ್ನು ಓದಿದ ದಿನ ಅವರು ನನ್ನನ್ನು ಅಡುಗೆಮನೆಯಿಂದ ಕರೆದರು. "ನೋಡಿಲ್ಲಿ, ಗಾಡಿ ಭಾರ ಕಮ್ಮಿ ಆದ್ರ ಅದಾ ಎಂಜಿನ್ನು ಲಗೂ ಎಳಿತೈತಿ. ಅದರಾಗೂ ತಿರುಗೋ ಸಾಮಾನಿನ ಭಾರ ತಗದ್ರ ಡಬಲ್ ಲಾಭ."

"ಅದ್ಯಾಕ ಡಬಲ್ಲು?"

"ಸೀಟು ಬರೇ ಮುಂದಕ್ಕ ಹೊಕ್ಕೈತಿ. ಗಾಲಿ ಮುಂದಕ್ಕೂ ಹೋಗಬೇಕು, ತಿರುಗಲೂಬೇಕು. ಎರಡಕ್ಕೂ ಎಂಜಿನ್ನ ದುಡೀಬೇಕು. ಅಂಚಿನಾಗ ಭಾರ ಇದ್ರಂತೂ ಇನ್ನೂ ತ್ರಾಸು."

ಅದು ನನಗೆ ತಕ್ಷಣ ತಿಳಿಯಿತು. ಸಿರಿಗೇರಿಯಲ್ಲಿ ಚಿಕ್ಕವರಿದ್ದಾಗ ನಾವು ಗಾಲಿ ಓಡಿಸುತ್ತಿದ್ದೆವು. ನನ್ನ ತಮ್ಮನದು ಸೈಕಲ್ಲಿನ ಹಳೇ ಟೈರು. ನನಗೆ ಸಿಕ್ಕಿದ್ದು ಎಣ್ಣೆ ಪೀಪಾಯಿಗೆ ಬಿಗಿದಿದ್ದ ಕಬ್ಬಿಣದ ಪಟ್ಟಿ. ಅವನು ಕೋಲಿನಿಂದ ಒಂದು ಬಡಿದರೆ ಟೈರು ಊರ ಅಗಸಿ ಬಾಗಿಲಿನವರೆಗೆ ಓಡುತ್ತಿತ್ತು. ನನ್ನದಕ್ಕೆ ಮೊದಲು ನಾಲ್ಕು ಬಡಿಯಬೇಕು, ಆಮೇಲೆ ಅದು ಏಳಬೇಕು. ನನ್ನ ಪಟ್ಟಿ ಒಮ್ಮೆ ಓಟ ಹಿಡಿದರೆ ಕೆಸರು, ಕಲ್ಲು ಎಲ್ಲ ದಾಟಿಕೊಂಡು ತಾನಾಗಿ ಹೋಗುತ್ತಿತ್ತು, ತಮ್ಮನ ಟೈರು ಒಂದು ಸಣ್ಣ ಹೆಂಟೆಗೇ ಮುಗ್ಗರಿಸಿ ಬೀಳುತ್ತಿತ್ತು ಎಂಬುದು ಆಗ ನೆನಪಿಗೆ ಬರಲಿಲ್ಲ. ನೆನಪಿಗೆ ಬಂದದ್ದು ನೋವು ತಿಂದ ತೋಳು ಮಾತ್ರ.

ಮಾರನೆಯ ದಿನದಿಂದ ಕಾರು ಬಿಚ್ಚುವುದು ಶುರುವಾಯಿತು. ಅಂಗಡಿಯಲ್ಲಿ ಹತ್ತಿ ತೂಗುವ ದೊಡ್ಡ ಕಾಟಾ ಇತ್ತು. ಬಿಚ್ಚಿದ್ದನ್ನೆಲ್ಲ ಅದಕ್ಕೆ ಹಾಕಿ ತೂಗುವುದು. ಮುಂದಿನ ಹಿಂದಿನ ಬಂಪರು, ಸ್ಟೆಪ್ನಿ, ಕ್ಯಾನ್ವಾಸು, ಅದರ ಕಬ್ಬಿಣದ ಚೌಕಟ್ಟು, ಕಾಲಡಿಯ ರಬ್ಬರು. ಗಾಲಿಗಳ ನಡುವಿನ ಹಿತ್ತಾಳೆ ಮುಚ್ಚಳಗಳನ್ನು ತೆಗೆದಾಗ ಅತ್ತೆ ಅವುಗಳಲ್ಲಿ ಒಂದನ್ನು ತೊಳೆದು ಹುಣಸೆಹಣ್ಣು ನೆನೆಹಾಕಲು ಇಟ್ಟುಕೊಂಡರು. ಕಾರಿಗೆ ರಬ್ಬರು ಉಂಡೆ ಹಿಸುಕಿ ಊದುವ ಹಿತ್ತಾಳೆಯ ದೊಡ್ಡ ಹಾರನ್ನಿತ್ತು. ಮನೆಯವರು ಅದನ್ನು ಎತ್ತಿ ನೋಡಿ, "ಇದಕ್ಕ ಏನು ಕೆಲಸ? ಬಸ್ಸು ಹಿಂದಿರ್ತೈತಿ, ನಾವು ಮುಂದ. ಯಾರಿಗೆ ಊದಬೇಕು?" ಎಂದು ಅದನ್ನೂ ಕಾಟಾಕ್ಕೆ ಹಾಕಿದರು. ಎಂಜಿನ್ನು ತಿರುವುವ ಹ್ಯಾಂಡಲ್ಲು ಕೂಡ ಹೋಯಿತು. ಹೊರಡುವ ಮೊದಲು ತಿರುವಿದರಾಯಿತು, ದಾರಿಯಲ್ಲಿ ಯಾಕೆ ಹೊರಬೇಕು?

ಸಾಮಾನು ಎತ್ತಿ ಹಾಕುವ ಕೆಲಸ ನನ್ನದು. ಕಾಟಾಕ್ಕೆ ಹಾಕುವ ಮೊದಲು ಮನೆಯವರು "ಎಷ್ಟಿರಬೇಕು ಹೇಳು" ಎನ್ನುತ್ತಿದ್ದರು. ಮೊದಮೊದಲು ನಾನು ಬಾಯಿಗೆ ಬಂದದ್ದು ಹೇಳುತ್ತಿದ್ದೆ. ಬರಬರುತ್ತ ಕೈ ಪಳಗಿತು. ಅಂಗಡಿಯ ಹಮಾಲರ ಮುಖ್ಯಸ್ಥ ಮಾರೆಣ್ಣ ಅಂಡಿಗೆ ಹೊರುವುದನ್ನು ಬಿಟ್ಟು ನಿಂತು ನೋಡುತ್ತಿದ್ದ. ಅಂಡಿಗೆ ಅಂದರೆ ಗೋಣಿತಟ್ಟಿನಲ್ಲಿ ಹತ್ತಿಯನ್ನು ತುಳಿದು ತುಳಿದು ತುಂಬಿದ ಆಳೆತ್ತರದ ಚೀಲ. ಅದನ್ನು ಬೆನ್ನಿಗೇರಿಸಿಕೊಂಡೇ ಮಾರೆಣ್ಣ ಬೀಡಿ ಸೇದಬಲ್ಲ. "ಎಲ್ಲಾ ತೂಗಿದ್ರಿ ಸಣ್ಣ ಧಣ್ಯಾರ, ಅಕ್ಕಾರ್ನ ಬಿಟ್ರಿ?" ಎಂದ.

ತಮಾಷೆಗೆ ಅಂದದ್ದು. ಮನೆಯವರು ತಮಾಷೆ ಎಂದುಕೊಳ್ಳಲಿಲ್ಲ. ಬ್ರೂಸ್‌ಪೇಟೆಯ ಹತ್ತಿ ಕಾಟಾದ ಹಲಗೆಯ ಮೇಲೆ, ಸೆರಗು ತಲೆಗೆ ಎಳೆದುಕೊಂಡು, ಆಚೆ ತಟ್ಟೆಗೆ ಕಲ್ಲು ಏರಿಸಿಕೊಂಡು ಕೂತ ಸೊಸೆ ನಾನೊಬ್ಬಳೇ ಇರಬೇಕು. ಅಷ್ಟರಲ್ಲಿ ಅತ್ತೆ ಬಂದು ನೋಡಿಬಿಟ್ಟರು.

"ಅಯ್ಯ ನಿನ್ನ! ಹೆಂಡ್ತಿನ್ನ ಹತ್ತಿ ಮಾಡಿ ತೂಗಾಕತ್ತಿಯೇನೋ? ಇಳಿಯವ್ವ ನೀ ಕೆಳಗ. ಇವತ್ತಿಂದ ಇನ್ನೊಂದು ರೊಟ್ಟಿ ಹೆಚ್ಚಿಗಿ ತಿನ್ನು, ನೋಡೂಣು ಏನ್ಮಾಡ್ತಾನ."

ಅವರು ಹಾಗೆಯೇ ಮಾಡಿದರು. ಮಗ ಕಾರಿನಿಂದ ತೆಗೆಯುತ್ತ ಹೋದಂತೆ ಅತ್ತೆ ನನಗೆ ತುಪ್ಪ ಬಡಿಸುತ್ತ ಹೋದರು. ಮಗನೋ, ತನ್ನ ಭಾರ ಇಳಿಸಲು ರಾತ್ರಿಯ ಊಟ ಬಿಟ್ಟು ಮಜ್ಜಿಗೆ ಕುಡಿಯುತ್ತಿದ್ದರು.

ಇದೇ ಹೊತ್ತಿಗೆ ನಾನು ತವರಿಗೆ ಹೋಗಿಬಂದೆ. ಬಂದು ನೋಡಿದರೆ ನನ್ನ ಮದುವೆಗೆ ಅಪ್ಪ ಕೊಟ್ಟಿದ್ದ ತೇಗದ ಮಂಚಕ್ಕೆ ಚೌಕಟ್ಟು ಮಾತ್ರ ಇತ್ತು. ಅದಕ್ಕೆ ಹೆಣೆದಿದ್ದ ಅಗಲ ನೂಲುಪಟ್ಟಿಯ ನವಾರ ಇರಲಿಲ್ಲ. ಗೋದಾಮಿಗೆ ಹೋದೆ. ಕುದುರೆಕೂದಲು ತುಂಬಿದ ಸ್ಪ್ರಿಂಗಿನ ಸೀಟುಗಳು ಕೆಳಗಿದ್ದವು, ಕಾರಿನೊಳಗೆ ಎರಡು ಹಗುರವಾದ ಬಿದಿರಿನ ಚೌಕಟ್ಟು, ಅವುಗಳಿಗೆ ಅಚ್ಚುಕಟ್ಟಾಗಿ ಹೆಣೆದ ನನ್ನ ನವಾರ.

"ಮಲಗೂದೆಲ್ಲಿ?" ಎಂದೆ.

"ಸೀಟು ಅದಾವಲ್ಲ, ಮಂಚದ ಮ್ಯಾಲೆ ಇಡೂಣು. ಕುಂತು ನೋಡು, ಏನು ಮೆತ್ತಗೈತಿ!"

ಕೂತು ನೋಡಿದೆ. ಮೆತ್ತಗೇನೋ ಇತ್ತು. ಆದರೆ ಕೂರುವ ಸೀಟಿನ ಮೇಲೆ ಮಲಗುವುದು ಹೇಗೆ? ಮಂಚ ಗೋಡೆಗೊರಗಿತು, ನಾನು ಚಾಪೆಗೆ ಬಂದೆ.

ಇಷ್ಟು ಮಾಡಿದ ಮೇಲೆ ತಿರುಗುವ ಸಾಮಾನಿನ ಸರದಿ. ಡಾಕ್ಟರು ಹಾಕಿಸಿದ್ದ ದಪ್ಪ ಟೈರು ತೆಗೆದು ತೆಳ್ಳನೆಯವು ಬಂದವು. ಉಳಿದದ್ದು ಫ್ಲೈವೀಲು. ಎಂಜಿನ್ನಿನ ಹಿಂದೆ ಇರುವ ಕಬ್ಬಿಣದ ದುಂಡನೆ ಗಾಲಿ ಅದು. ನೋಡಿದರೆ ಥೇಟು ನಮ್ಮ ಬೀಸುವ ಕಲ್ಲು. ಕೌಲ್‌ಬಜಾರಿನಲ್ಲಿ ಲೇತ್ ಇಟ್ಟಿದ್ದ ಮಸ್ತಾನ್ ಅದನ್ನು ಸುತ್ತ ಕೆತ್ತಿ ಹಗುರ ಮಾಡಲು ಒಪ್ಪಿದ. ಮಸ್ತಾನನಿಗೆ ಯಾವ ಕೆಲಸವೂ ಕಷ್ಟವೆನ್ನಿಸಿದ್ದಿಲ್ಲ. "ಹಾಪ್ ಮಾಡ್ಲೇನು, ಪಾವು ಮಾಡ್ಲೇನು ಹೇಳ್ರಿ ಸಾಬ್! ಬೇಕಂದ್ರ ನಿಮ್ಮ ಬೇಗಂ ಬಳೀ ಮಾಡಿ ಕೊಡ್ತೀನಿ!" ಎಂದನಂತೆ. ಅರ್ಧಕ್ಕೂ ಕಡಿಮೆ ಮಾಡಿ ತಂದರು. ಮೊದಲು ನನಗೆ ಎರಡು ಕೈಯಲ್ಲಿ ಏಳದಿದ್ದದ್ದು, ಈಗ ರೊಟ್ಟಿ ಹಂಚಿನಂತೆ ಎತ್ತಬಹುದಾಗಿತ್ತು. "ಕಲ್ಲು ಹಗುರಾದ್ರ ಬೀಸೋರಿಗೆ ಸುಖ" ಎಂದು ನಾನೂ ಹುರುಪಿನಿಂದ ಹೇಳಿದೆ. ಎಂಜಿನ್ನು ಕೂಡಿಸಿ ಶುರು ಮಾಡಿದಾಗ, ಕಾಲು ಒತ್ತುವುದೇ ತಡ, ಅದು ಸಿಟ್ಟಿಗೆದ್ದ ಹೆಂಗಸಿನಂತೆ ಕಿರುಚಿತು. ಮನೆಯವರ ಕಣ್ಣಲ್ಲಿ ನೀರು ಬಂದಿತ್ತು. ಹೊಗೆಗೆ ಬಂತು ಎಂದರು.

ಪರೀಕ್ಷೆಗೆ ಕುರುಗೋಡಿನ ದಾರಿ. ಅತ್ತೆಯ ತವರು ಕುರುಗೋಡು. ಅಲ್ಲಿಯವರೆಗೆ ಹೋಗಿ ಬರುವುದೆಂದಾಯಿತು. ಕಾರು ಹಾರಿತು. ನಾನು ನವಾರ ಹಿಡಿದುಕೊಂಡು ಕೂತಿದ್ದೆ. ಆದರೆ ಬಯಲಿಗೆ ಬಂದು ವೇಗ ಏರಿದ ಕೂಡಲೇ ಸ್ಟೇರಿಂಗು ಚಳಿಜ್ವರ ಬಂದವರಂತೆ ನಡುಗತೊಡಗಿತು. ಮನೆಯವರ ಗಲ್ಲ, ಕನ್ನಡಕ, ಮೀಸೆ ಎಲ್ಲ ನಡುಗುತ್ತಿದ್ದವು. ವೇಗ ಇಳಿಸಿದರೆ ನಿಲ್ಲುತ್ತಿತ್ತು, ಏರಿಸಿದರೆ ಮತ್ತೆ ಬರುತ್ತಿತ್ತು. ಹೀಗಾದರೆ ಬಸ್ಸಿನ ಹಿಂದೆಯೇ ಹೋಗಬೇಕು.

ಫ್ಲೈವೀಲು ವಾರೆ ಕೆತ್ತಿದ್ದಾನೆ ಎಂದು ಸಿಟ್ಟೆಲ್ಲ ಮಸ್ತಾನನ ಮೇಲೆ ತಿರುಗಿತು. ಸುಗ್ಗಿಗೆ ಒಂದೇ ವಾರವಿತ್ತು. ನೇರ ಕೌಲ್‌ಬಜಾರಿಗೆ ಹೋದರು. ಮಸ್ತಾನ್ ಲೇತ್ ನಿಲ್ಲಿಸಿ ಎದೆ ಮುಟ್ಟಿಕೊಂಡ. "ನನ್ನ ಕೆಲಸದಾಗ ನಡುಕ ಇದ್ರ ಈ ಅಂಗಡಿ ಮುಚ್ಚಿ ಬಾಳೆಹಣ್ಣು ಮಾರ್ತೀನಿ ಸಾಬ್. ನಡುಗೂದು ನಿಮ್ಮ ಕೈ ಇರಬೇಕು. ಊಟ ಬಿಟ್ಟೀರಂತಲ್ಲ!"

ಇಬ್ಬರೂ ಮಾತು ಬಿಟ್ಟರು. ಮನೆಯವರು ಮನೆಗೆ ಬಂದು ಮಜ್ಜಿಗೆಯನ್ನೂ ಮುಟ್ಟದೆ ಮುಸುಕೆಳೆದರು. ನಾನು ಮಾರನೆಯ ಬೆಳಿಗ್ಗೆ ಒಂದು ಬಕೀಟು ನೀರು ತಗೊಂಡು ಕುರುಗೋಡಿನ ಕೆಂಪು ಧೂಳು ತೊಳೆಯಲು ಗೋದಾಮಿಗೆ ಹೋದೆ. ಗಾಲಿಯ ಕಡ್ಡಿಗಳ ನಡುವೆ ಬಟ್ಟೆ ಹಾಕಿ ಒರೆಸುವಾಗ, ಮುಂದಿನ ಬಲಗಾಲಿಯ ಒಳಮಗ್ಗುಲಲ್ಲಿ ಕೈಗೆ ಏನೋ ಸಿಕ್ಕಿತು. ಕರಿದಾರ. ದಾರದ ತುದಿಗೆ, ಗಾಲಿಯ ಅಂಚಿಗೆ ಆನಿಸಿ ಬಿಗಿಯಾಗಿ ಕಟ್ಟಿದ, ಹೆಬ್ಬೆರಳಿನಷ್ಟು ದಪ್ಪದ ತಾಮ್ರದ ತಾಯತ. ಬಿಚ್ಚಿ ಕೈಯಲ್ಲಿ ಆಡಿಸಿ ನೋಡಿದೆ. ತಾಮ್ರಕ್ಕೆ ಅಷ್ಟು ಭಾರ ಇರುವುದಿಲ್ಲ. ಒಳಗೆ ಸೀಸ ತುಂಬಿದ್ದರು.

ಅತ್ತೆಯ ಬಳಿ ಒಯ್ದೆ. ಅವರು ಹಣತೆಗೆ ಬತ್ತಿ ಹೊಸೆಯುತ್ತಿದ್ದರು.

"ಅಯ್ಯ, ಅದನ್ಯಾಕ ಬಿಚ್ಚಿದಿ? ಕುರುಗೋಡಿನ ಮಠದ ಅಜ್ಜಾರು ಮಂತ್ರಿಸಿ ಕೊಟ್ಟಿದ್ದು. ಗಾಡಿ ಮನಿಗೆ ಬಂದ ದಿನ ಮುಂದಿನ ಕಬ್ಬಿಣಕ್ಕ ಕಟ್ಟಿದ್ದೆ. ಇವ ಆ ಕಬ್ಬಿಣಾನ ಬಿಚ್ಚಿ ಒಗದ. ಮತ್ತೆಲ್ಲಿ ಕಟ್ಲಿ? ಇರೂದೆಲ್ಲಾ ಕಿತ್ತು ಹಾಕ್ಯಾನ. ಗಾಲಿ ಒಂದ ಗಟ್ಟಿ ಕಾಣಸ್ತು, ಕಟ್ಟಿದೆ."

"ಗಾಲಿ ತಿರುಗ್ತೈತ್ರಿ ಅತ್ತಿ."

"ತಿರುಗಲಿ ಬಿಡು, ಸುತ್ತಾಕಡಿ ಕಾಪಾಡ್ತೈತಿ."

ಇದಕ್ಕೆ ಏನು ಹೇಳುವುದು? ತಿರುಗುವ ಅಂಚಿನಲ್ಲಿ ಒಂದೇ ಕಡೆ ಇಷ್ಟು ಭಾರ ಕೂತರೆ ಗಾಲಿ ಕುಂಟುತ್ತದೆ ಎಂದು ಪತ್ರಿಕೆಯ ಭಾಷೆಯಲ್ಲಿ ಹೇಳಿದರೆ ಅತ್ತೆ ಒಪ್ಪುತ್ತಿರಲಿಲ್ಲ. ತಾಯತ ತೆಗೆದೆ ಎಂದರೆ ಹೆದರಿಕೆಯಿಂದ ನಮ್ಮನ್ನು ಹೊರಡಲು ಬಿಡುತ್ತಿರಲಿಲ್ಲ. ಮನೆಯವರಿಗೆ ಹೇಳಿದರೆ ತಾಯಿ ಮಗನಿಗೆ ಜಗಳ. ನಾನು ತೋಳು ಮುಂದೆ ಚಾಚಿದೆ.

"ನಾನೂ ಗಾಡ್ಯಾಗ ಇರ್ತೀನಲ್ರಿ. ನನಗ ಕಟ್ರಿ. ನನ್ನ ಕಾಯ್ದ್ರ ಗಾಡಿನೂ ಕಾದಂಗ ಆತು."

ಅತ್ತೆ ಬತ್ತಿ ಕೆಳಗಿಟ್ಟರು. ಆಮೇಲೆ ಬಲತೋಳಿಗೆ ಬಿಗಿದು ಕಟ್ಟಿ, ರವಿಕೆಯ ತೋಳು ಎಳೆದು ಮುಚ್ಚಿದರು. ಭಾರ ಕಾರಿನಲ್ಲೇ ಉಳಿಯಿತು. ತಿರುಗುವುದು ಮಾತ್ರ ನಿಂತಿತು. ಆ ಸಂಜೆ ಕಾರು ಬಯಲಿನಲ್ಲಿ ಎಣ್ಣೆ ಸುರಿದಂತೆ ಓಡಿತು. "ನಡುಕ ತಾನ ಹೋತಲ್ಲ!" ಎಂದು ಮನೆಯವರು ಕುಣಿದಾಡಿದರು. ಮಸ್ತಾನನಿಗೆ ಬಾಳೆಹಣ್ಣಿನ ಗೊನೆಯೊಂದನ್ನು ಕಳಿಸಿಕೊಟ್ಟರು. ಅದನ್ನು ತಪ್ಪೊಪ್ಪಿಗೆ ಅಂದುಕೊಳ್ಳಬೇಕೋ, ಚುಚ್ಚು ಅಂದುಕೊಳ್ಳಬೇಕೋ ತಿಳಿಯದೆ ಅವನು ಅರ್ಧ ತಿಂದು ಅರ್ಧ ವಾಪಸು ಕಳಿಸಿದ.

ಪಂದ್ಯದ ಹಿಂದಿನ ದಿನವೇ ನಾವು ಸಿರುಗುಪ್ಪಕ್ಕೆ ಹೋಗಿ ನಾದಿನಿಯ ಮನೆಯಲ್ಲಿ ಉಳಿದೆವು. ಎಂಜಿನ್ನು ತಿರುವಲು ತಂದಿದ್ದ ಹ್ಯಾಂಡಲ್ಲನ್ನು ಬೆಳಿಗ್ಗೆ ಶುರು ಮಾಡಿದ ಮೇಲೆ ಅಲ್ಲೇ ಬಿಟ್ಟರು. ನಾದಿನಿ ಕಟ್ಟಿಕೊಟ್ಟ ಬುತ್ತಿಯನ್ನೂ ಕಟ್ಟೆಯ ಮೇಲೆ ಬಿಟ್ಟರು. ಬಸ್‌ಸ್ಟ್ಯಾಂಡಿನಲ್ಲಿ ಮಾವನವರು ಡ್ರೈವರನ ಪಕ್ಕದಲ್ಲಿ ರುಮಾಲು ಸುತ್ತಿಕೊಂಡು ಕೂತಾಗಿತ್ತು. ಕ್ಲೀನರ್ ನನ್ನನ್ನು ನೋಡಿ ಕೈ ಮುಗಿದ. "ಅಕ್ಕಾರ, ಗಾಡಿ ಬಟ್ಟಿ ಎಲ್ಲಾ ಬಿಚ್ಚಿ ಬಿಟ್ಟೀರಲ್ರಿ! ಚಳಿ ಆಗೂದಿಲ್ಲೇನ್ರಿ ಅದಕ?"

ಎಂಜಿನ್ನು ಆರದಂತೆ ಮನೆಯವರು ಕಾಲೊತ್ತಿ ಕಿರುಚಿಸುತ್ತಲೇ ಇದ್ದರು. ಬಸ್ಸು ಹೊರಟಿತು, ನಾವೂ ಹೊರಟೆವು. ಊರು ದಾಟುವುದರೊಳಗೆ ಬಸ್ಸು ಹಿಂದೆ ಬಿತ್ತು. ಹಿಂದಿರುಗಿ ನೋಡಿದೆ. ಅಂಗೈಯಗಲದ ಧೂಳು, ಆಮೇಲೆ ಅದೂ ಇಲ್ಲ. ಸಿರಿಗೇರಿ ಕ್ರಾಸಿನಲ್ಲಿ ನಮ್ಮೂರಿನ ಯಾರೋ ಚಹಾ ಕುಡಿಯುತ್ತಿದ್ದವರು ಲೋಟ ಎತ್ತಿ ಹಿಡಿದರು. ಗಾಳಿಗೆ ನನ್ನ ಸೆರಗು ನಿಲ್ಲುತ್ತಿರಲಿಲ್ಲ. ಮನೆಯವರು ಬಾಯಿ ಬಿಟ್ಟು ನಗುತ್ತಿದ್ದರು. ಮದುವೆಯಾದ ಮೇಲೆ ಅವರು ಅಷ್ಟು ನಕ್ಕದ್ದನ್ನು ನಾನು ನೋಡಿರಲಿಲ್ಲ. ಗಾಡಿ ಉಳಿಯಿತು ಎಂದು ಇಬ್ಬರೂ ಅಂದುಕೊಂಡೆವು.

ಬಳ್ಳಾರಿ ಇನ್ನು ಸ್ವಲ್ಪವೇ ದೂರ ಎನ್ನುವಾಗ ಎದುರಿಗೆ ಬಿಳುಪು ಕಾಣಿಸಿತು. ಹತ್ತಿ ಬಂಡಿಗಳು. ಸುಗ್ಗಿಯ ಮೊದಲ ಹತ್ತಿ ಅವತ್ತೇ ಪೇಟೆಗೆ ಹೊರಟಿತ್ತು. ಬೆಟ್ಟದಂತೆ ಹೇರಿಕೊಂಡು, ಒಂದರ ಹಿಂದೊಂದು, ರಸ್ತೆಯ ನಡುವೆಯೇ. ಬಂಡಿ ಹೊಡೆಯುವವರು ಹತ್ತಿಯ ಮೇಲೆ ಮಲಗಿದ್ದರು. ಎತ್ತುಗಳಿಗೆ ದಾರಿ ಗೊತ್ತು, ತಮ್ಮಷ್ಟಕ್ಕೆ ನಡೆಯುತ್ತಿದ್ದವು. ಹಾರನ್ನು ಬ್ರೂಸ್‌ಪೇಟೆಯಲ್ಲಿತ್ತು.

"ಒದರು!" ಎಂದರು ಮನೆಯವರು.

"ನಾನಾ?"

"ಮತ್ತ ನಾ ಗಾಡಿ ಹೊಡೀಲೋ, ಒದರಲೋ?"

ನವಾರದ ಮೇಲೆ ಎದ್ದು ನಿಂತೆ. ಗಾಜಿನ ಚೌಕಟ್ಟು ಹಿಡಿದು, "ಯಪ್ಪಾ! ದಾರೀ ಬಿಡ್ರೀ! ಏ ಬಂಡಿಯವ್ನ! ಅಣ್ಣಾ!" ಎಂದು ಕೂಗಿದೆ. ಹೊಲದಲ್ಲಿ ಹಕ್ಕಿ ಓಡಿಸಿ ಬೆಳೆದ ಗಂಟಲು ನನ್ನದು. ಆದರೂ ಮದುವೆಯಾದ ಮೇಲೆ ಅಷ್ಟು ಗಟ್ಟಿಯಾಗಿ ಅದನ್ನು ಬಳಸಿರಲಿಲ್ಲ. ಹಿಂದಿನ ಬಂಡಿಯವನು ಎದ್ದು ಪಕ್ಕಕ್ಕೆ ಸರಿದ. ಅವನ ಮುಂದಿನವನು ಏಳಲಿಲ್ಲ. ನಾವು ಎತ್ತಿನ ಹೆಜ್ಜೆಗೆ ಹೆಜ್ಜೆ ಹಾಕಬೇಕಾಯಿತು. ಅಲ್ಲಿ ಆದದ್ದೇ ಅದು. ನಿಧಾನವಾದ ಕೂಡಲೇ ಎಂಜಿನ್ನು ಒಮ್ಮೆ ಬಿಕ್ಕಿತು, ಇನ್ನೊಮ್ಮೆ ಬಿಕ್ಕಿತು, ಸುಮ್ಮನಾಯಿತು.

ನನಗೆ ತಮ್ಮನ ಸೈಕಲ್ ಟೈರು ಆಗ ನೆನಪಾಯಿತು. ಹಗುರಾದ ಬೀಸುವ ಕಲ್ಲೂ ನೆನಪಾಯಿತು: ಲಗೂ ತಿರುಗುತ್ತದೆ, ನಿಜ, ಬೀಸುವವಳು ಬೆವರು ಒರೆಸಿಕೊಳ್ಳಲು ಒಂದು ಗಳಿಗೆ ಕೈ ಸಡಿಲಿಸಿದರೆ ಅಲ್ಲೇ ನಿಲ್ಲುತ್ತದೆ. ಭಾರದ ಕಲ್ಲು ಆ ಗಳಿಗೆಯನ್ನು ತಾನೇ ದಾಟಿಸಿಕೊಡುತ್ತದೆ. ಫ್ಲೈವೀಲು ಇಟ್ಟಿದ್ದು ಅದಕ್ಕೇ. ಬಯಲಿನಲ್ಲಿ ಹಾರುವಾಗ ಬೇಡವಾಗಿದ್ದ ಕಬ್ಬಿಣ ಎತ್ತಿನ ಹಿಂದೆ ನಡೆಯುವಾಗ ಬೇಕಿತ್ತು. ಹ್ಯಾಂಡಲ್ಲು ಸಿರುಗುಪ್ಪದಲ್ಲಿತ್ತು.

ಬಸ್ಸು ಬಂತು. ಅದಕ್ಕೆ ಹಾರನ್ನಿತ್ತು. ಒಮ್ಮೆ ಊದಿದ್ದಕ್ಕೇ ಬಂಡಿಗಳೆಲ್ಲ ಸಾಲಾಗಿ ಪಕ್ಕಕ್ಕೆ ಸರಿದವು. ಸರಿಯದೆ ಉಳಿದದ್ದು, ನಟ್ಟನಡುವೆ ನಿಂತ ನಮ್ಮ ಕಾರು. ಡ್ರೈವರ್ ಕೆಳಗಿಳಿದು ಮನೆಯವರ ಮುಖ ನೋಡಿದ. ನಗಲಿಲ್ಲ. "ತಳ್ಳಿ ಸುರು ಮಾಡಾಕ ಹೊತ್ತು ಆಗ್ತೈತ್ರಿ. ಕೋರ್ಟಿನ ಕೆಲಸಕ್ಕ ಹೋಗೋರು ಅದಾರ ಬಸ್ನ್ಯಾಗ. ಸ್ವಲ್ಪ ಬಾಜೂಕ ಇಡ್ತೀವಿ" ಎಂದ. ಆರು ಜನ ಇಳಿದುಬಂದರು. ನಾನು ಕೆಳಗಿಳಿಯಲು ಹೋದರೆ ಕ್ಲೀನರ್, "ಕುಂದರ್ರಿ ಅಕ್ಕಾರ, ನಿಮ್ಮದೇನು ಭಾರ" ಎಂದ. ನನ್ನನ್ನೂ ಸೇರಿಸಿ ಕಾರನ್ನು ಮಂಚ ಎತ್ತಿದಂತೆ ಎತ್ತಿ, ರಸ್ತೆಯ ಪಕ್ಕದ ಜಾಲಿಯ ಕೆಳಗೆ ಇಟ್ಟು, ಕೈ ಕೊಡವಿಕೊಂಡು ಹೋದರು. ಬಸ್ಸು ಮುಂದೆ ಹೋಯಿತು. ಈ ಸಲ ಮಾವನವರು ನೇರ ರಸ್ತೆ ನೋಡುತ್ತಿರಲಿಲ್ಲ. ಕಿಟಕಿಯಿಂದ ಅರ್ಧ ಮೈ ಹೊರಗೆ ಹಾಕಿ, ಕಣ್ಣಿಗೆ ಮರೆಯಾಗುವವರೆಗೂ ನಮ್ಮ ಕಾರನ್ನೇ ನೋಡುತ್ತಿದ್ದರು.

ಮನೆಯವರು ಸ್ಟೇರಿಂಗಿನ ಮೇಲೆ ತಲೆಯಿಟ್ಟು ಕೂತರು. ನಾನು ಇಳಿದು ಸೀರೆ ಎತ್ತಿ ಸಿಕ್ಕಿಸಿಕೊಂಡು ಒಬ್ಬಳೇ ತಳ್ಳಿದೆ. ಅಷ್ಟು ಹಗುರಾಗಿತ್ತು. ಶುರುವಾದ ಮೇಲೆ ಓಡಿ ಹತ್ತಿದೆ.

ಮನೆಗೆ ಬಂದೆವು. ಅತ್ತೆ ನನ್ನ ತೋಳು ಮುಟ್ಟಿ ನೋಡಿ, "ಹೋದಂಗ ಬಂದ್ರಲ್ಲ, ಸಾಕು" ಎಂದರು. ಮಾರನೆಯ ಬೆಳಿಗ್ಗೆ ಅಂಡಿಗೆಯ ಬಂಡಿಗಳು ಗೋದಾಮಿನ ಮುಂದೆ ನಿಂತವು. ಮನೆಯವರು ಸ್ನಾನ ಮಾಡಿ ವಿಭೂತಿ ಹಚ್ಚಿಕೊಂಡು, ಮನೆಯಿಂದ ಯಾರನ್ನೋ ಕಳಿಸಿಕೊಡುವವರಂತೆ ಬಾಗಿಲಲ್ಲಿ ನಿಂತಿದ್ದರು. ಮಾರೆಣ್ಣ ತನ್ನವರೊಂದಿಗೆ ಒಳಗೆ ಬಂದ.

"ಎತ್ರಲೇ ಅದನ್ನ" ಎಂದರು ಮಾವನವರು.

ಹಮಾಲರು ಎತ್ತಿದರು. ಮನೆಯವರು ಮುಖ ತಿರುಗಿಸಿಕೊಂಡರು. ಗುಜರಿಯ ಬಂಡಿ ಎಲ್ಲಿದೆ ಎಂದು ನಾನು ಬೀದಿಯ ಕಡೆ ನೋಡಿದೆ. ಅಲ್ಲಿ ಅಂಥದ್ದೇನೂ ಇರಲಿಲ್ಲ.

"ಹೊರಗಲ್ಲಲೇ ಮಾರೆಣ್ಣ, ಹಿಂದಕ್ಕ! ಅಟ್ಟದ ಮ್ಯಾಲೆ!"

ಗೋದಾಮಿನ ಹಿಂದಿನ ಗೋಡೆಗೆ ಎದೆಯೆತ್ತರದ ಕಲ್ಲುಚಪ್ಪಡಿಯ ಅಟ್ಟವಿತ್ತು. ಹರಿದ ತಟ್ಟು, ಹಗ್ಗ ಬಿಸಾಡುವ ಜಾಗ. ಅಂಡಿಗೆ ಹೊತ್ತ ಹೆಗಲುಗಳಿಗೆ ಅದೊಂದು ಲೆಕ್ಕವೇ ಅಲ್ಲ. ಕಾರು ಒಂದೇ ಉಸಿರಿಗೆ ಮೇಲೆ ಹೋಗಿ ಕೂತಿತು. ಕೆಳಗೆ ಅದು ನಿಂತಿದ್ದ ನೆಲ ಖಾಲಿಯಾಯಿತು. ಮಾವನವರು ಅಲ್ಲಿ ನಿಂತು ಕಾಲಿನಿಂದ ಅಳೆದು ನೋಡಿದರು.

"ನಿನ್ನೆ ಬಸ್ನ್ಯಾಗಿಂದ ನೋಡಿದೆ. ಆರು ಮಂದಿ, ಸೊಸಿ ಸಮೇತ ಎತ್ತಿ ಇಟ್ರು. ಹಂಗ ಎತ್ತಾಕ ಬರೂ ಸಾಮಾನಿಗೆ ನೆಲ ಯಾಕ ಬೇಕು? ಸುಗ್ಗಿ ಮುಗಿಯೂತನ ಮ್ಯಾಲೆ ಇರಲಿ. ಆಮ್ಯಾಲೆ ಇಳಿಸ್ಕೊಂಡು ಓಡಿಸ್ಕ."

ಮನೆಯವರು ಅಟ್ಟದ ಕಡೆ ತಿರುಗಿದರು. "ಅಪ್ಪಾ, ನಾ ಸೋತೀನಿ" ಎಂದರು.

"ಸೋತೀಯಪ್ಪ. ಊರಿಗೆಲ್ಲ ಗೊತ್ತೈತಿ." ಮಾವನವರು ಅಂಡಿಗೆ ಒಳಗೆ ತರಲು ಕೈ ಮಾಡುತ್ತ ಬಾಗಿಲಿನವರೆಗೆ ಹೋದವರು, ಏನೋ ನೆನಪಾದಂತೆ ನಿಂತರು. "ಒಂದು ಮಾತು. ಏನರೆ ಬಿಚ್ಚು, ಏನರೆ ಕಟ್ಟು. ಆ ಹಾರನ್ ಮಾತ್ರ ವಾಪಸ್ ಹಚ್ಚು. ಸೊಸಿ ಒದರೂದು ಬಸ್ಸಿನಾಗ ನಮಗೆಲ್ಲಾ ಕೇಳಸ್ತು. 'ಸಾವ್ಕಾರ್ರ ಮನಿ ಹೆಣಮಗಳದು ಏನು ಗಂಟಲರೀ' ಅಂದ್ರು. ನಾ ಎಷ್ಟು ದಿನ ರಸ್ತೆ ನೋಡ್ಕೋತ ಕುಂದರ್ಲಿ?"

ಮೂಲೆಯಲ್ಲಿದ್ದ ಹಾರನ್ನನ್ನು ನಾನೇ ಎತ್ತಿಕೊಂಡೆ. ಮೇಲೆ ಹತ್ತಿದ್ದ ಮಾರೆಣ್ಣ ಕೈ ಚಾಚಿದ. ಕೊಡುವ ಮೊದಲು ಕೈಯಲ್ಲಿ ಒಮ್ಮೆ ಆಡಿಸಿ ನೋಡಿದೆ. ಒಂದು ಸೇರು ಜೋಳದ ಭಾರ, ಮೇಲೆ ಒಂದು ಹಿಡಿ ಕಾಳು.